ಕೊಬ್ಬು ಇಳಿದ ಬಗೆ

ಜನವರಿ 6, ಸೋಮವಾರ

ಬಾಯೊಳಗೆ ಹೋದದ್ದನ್ನೆಲ್ಲ ಬರೆದಿಡಿ ಎಂದಳು ಜಿಪಿ ಸರ್ಜರಿಯ, ಅಂದರೆ ನಮ್ಮ ಬಡಾವಣೆಯ ಕ್ಲಿನಿಕ್ಕಿನ, ನರ್ಸ್. ಬಾಯಿಂದ ಹೊರಬಿದ್ದದ್ದನ್ನೂ ಬರೆಯೋಣವೆಂದು, ಮಗಳು ಅಂಕಿತಾ ಕ್ರಿಸ್‌ಮಸ್‌ಗೆ ಕೊಟ್ಟಿದ್ದ ಡೈರಿಯನ್ನು ತೆಗೆದಿದ್ದೇನೆ. ಓದುವವನು ನಾನೊಬ್ಬನೇ ಆದ್ದರಿಂದ ಮರ್ಯಾದೆಯ ಪ್ರಶ್ನೆ ಇಲ್ಲ.

ನನ್ನ ಕೊಲೆಸ್ಟ್ರಾಲ್ ಹೆಚ್ಚಿದೆ. ಬಹಳ ಅಲ್ಲ, ಸ್ವಲ್ಪ. "ಕರಿದದ್ದು ಕಡಿಮೆ ಮಾಡಿ, ದಿನಾ ಅರ್ಧ ಗಂಟೆ ನಡೆಯಿರಿ, ಮೂರು ತಿಂಗಳು ಬಿಟ್ಟು ನೋಡೋಣ" ಎಂದು ನರ್ಸ್ ಮಾತು ಮುಗಿಸಿದಳು. ಬೇರೆ ಯಾರಾದರೂ ಆಗಿದ್ದರೆ ಅಷ್ಟನ್ನೇ ಮಾಡುತ್ತಿದ್ದರು. ನಾನು ಡಾಕ್ಟರ್. ಇಪ್ಪತ್ತೈದು ವರ್ಷಗಳಿಂದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಜನರನ್ನು ಮಲಗಿಸುವವನು. ಮನೆಯಲ್ಲಿ ಅದೇ ಕೆಲಸ ಔಷಧಿಯಿಲ್ಲದೆ, ಬರೀ ನನ್ನ ಮಾತಿನಿಂದಲೇ ಆಗುತ್ತದೆಂದು ಹೆಂಡತಿ ಸುವರ್ಣಾ ಹೇಳುತ್ತಾಳೆ.

ಅಪ್ಪ ಹೋದದ್ದು ಐವತ್ತೆಂಟಕ್ಕೆ. ಧಾರವಾಡದ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದವರು ಇಳಿಯಲೇ ಇಲ್ಲ. ಹಾರ್ಟ್ ಅಟ್ಯಾಕ್. ನನಗೀಗ ಐವತ್ತಮೂರು. ಲಂಡನ್ನಿನ ಈ ಹ್ಯಾರೋದ ಟ್ರಾಫಿಕ್ಕಿನಲ್ಲಿ ಕೂತಾಗ ಈ ಲೆಕ್ಕ ತಾನಾಗಿಯೇ ನಡೆಯಿತು. ಕಾರು ಮನೆ ಮುಟ್ಟುವಷ್ಟರಲ್ಲಿ ತೀರ್ಮಾನವೂ ಆಗಿತ್ತು: ನಾಳೆಯಿಂದ ನಮ್ಮ ಅಡುಗೆಮನೆಯಲ್ಲಿ ಕೊಬ್ಬಿನಂಶ ಎಂಬುದು ಕಾಲಿಡಬಾರದು.

ರಾತ್ರಿಯ ಊಟ: ನಾಳೆಯಿಂದ ಸಿಗುವುದಿಲ್ಲವೆಂದು ಮೂರು ರೊಟ್ಟಿ, ಎಣ್ಣೆಗಾಯಿ, ಮೇಲೆ ಬೆಣ್ಣೆ.

ಜನವರಿ 11, ಶನಿವಾರ

ಅಡುಗೆಮನೆ ಸ್ವಚ್ಛವಾಯಿತು. ಅವ್ವ ಡಿಸೆಂಬರಿನಲ್ಲಿ ಬರುವಾಗ ಸೀರೆ ಕಡಿಮೆ ಮಾಡಿ ಸೂಟ್‌ಕೇಸಿನಲ್ಲಿ ತಂದಿದ್ದ ತುಪ್ಪ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಣಕೊಬ್ಬರಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿದೆ. ಸುವರ್ಣಾ ಹೇಸ್‌ನಲ್ಲಿರುವ ತನ್ನ ಆಫೀಸಿಗೆ ಒಯ್ದು ಹಂಚುತ್ತಾಳಂತೆ. ಚೀಲವನ್ನು ಅವಳು ಎತ್ತಿಕೊಂಡ ರೀತಿ ನೋಡಿದರೆ ಹಂಚುವುದು ಅನುಮಾನ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಪ್ಪತ್ತಾರು ವರ್ಷ, ಐವತ್ತು ಕಿಲೋದ ಜೀವ, ಬಸಲಿಂಗವ್ವ ಎಂದರೆ ನಮ್ಮ ಓಣಿಯಲ್ಲಿ ಎಲ್ಲರಿಗೂ ಸ್ವಲ್ಪ ಹೆದರಿಕೆ. ನಾನು ಬೈಗುಳ ತಿನ್ನಲು ತಯಾರಾಗಿದ್ದೆ.

"ನಿನಗ ಏನರ ಆಗೇತೇನೋ ತಮ್ಮಾ?" ಎಂದಳು.

"ಏನಿಲ್ಲವ್ವ. ಕೊಲೆಸ್ಟ್ರಾಲ್ ಅಷ್ಟ."

"ಹಂಗಂದ್ರ?"

ಕಾಗದದ ಮೇಲೆ ರಕ್ತನಾಳದ ಚಿತ್ರ ಬರೆದೆ. ಒಳಗೆ ಹೇಗೆ ಮೇಣದಂತೆ ಕಟ್ಟಿಕೊಳ್ಳುತ್ತದೆ, ಹೇಗೆ ಒಮ್ಮೆಲೇ ಮುಚ್ಚಿಕೊಳ್ಳುತ್ತದೆ, ಅಪ್ಪನಿಗೆ ಏನಾಗಿರಬಹುದು, ಎಲ್ಲ ವಿವರಿಸಿದೆ. ಒಳ್ಳೆಯ ಪಾಠ, ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವಂಥದ್ದು. ಅವ್ವ ಚಿತ್ರವನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದಳು.

"ಆತು. ನೀ ಹೆಂಗ ಹೇಳ್ತಿ ಹಂಗ" ಎಂದಳು. ಜಗಳವೇ ಇಲ್ಲ. ಅಮ್ಮಂದಿರಿಗೆ ವಿಜ್ಞಾನವನ್ನು ಸರಿಯಾಗಿ ಹೇಳಿಕೊಟ್ಟರೆ ತಿಳಿಯುತ್ತದೆ.

ಜನವರಿ 21, ಮಂಗಳವಾರ

ಬೆಳಿಗ್ಗೆ ಕಾರ್ನ್‌ಫ್ಲೇಕ್ಸ್, ಅದರ ಮೇಲೆ ಕೆನೆ ತೆಗೆದ ಹಾಲು ಎಂಬ ಬಿಳಿ ನೀರು. ಮಧ್ಯಾಹ್ನ ಬ್ರೆಡ್, ಒಳಗೆ ಸೌತೆಕಾಯಿ. ರಾತ್ರಿ ಒಗ್ಗರಣೆ ಇಲ್ಲದ ಬೇಳೆ, ಅನ್ನ. ನಡುನಡುವೆ ಫ್ಯಾಟ್-ಫ್ರೀ ಮೊಸರಿನ ಡಬ್ಬಿಗಳು: ಸ್ಟ್ರಾಬೆರಿ, ಪೀಚ್, ವೆನಿಲಾ. ಮೊಸರಿಗೆ ಇಷ್ಟು ಜಾತಿಗಳಿವೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ತಿಂದ ಒಂದು ಗಂಟೆಗೆ ಮತ್ತೆ ಹಸಿವು. ಅದಕ್ಕೆ ಲೋ-ಫ್ಯಾಟ್ ಬಿಸ್ಕತ್ತು. ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ ಲೋ-ಫ್ಯಾಟ್ ಎಂದು ಬರೆದ ಮೇಲೆ ಎಷ್ಟು ತಿಂದೆ ಎಂದು ಕೇಳುವವರು ಯಾರು?

ಇವತ್ತು ಆಪರೇಷನ್ ಥಿಯೇಟರಿನಲ್ಲಿ ಗುಡುಗಿನಂಥ ಸದ್ದು. ಸರ್ಜನ್ ಕತ್ತರಿ ಹಿಡಿದ ಕೈ ನಿಲ್ಲಿಸಿ, "ಪ್ರಸಾದ್, ಅದು ಪೇಷಂಟಿನ ಹೊಟ್ಟೆಯೋ ನಿನ್ನದೋ?" ಎಂದರು. ಪೇಷಂಟು ನಿದ್ದೆಯಲ್ಲಿದ್ದ. ಅವನ ಮೇಲೆ ಹಾಕಬಹುದಿತ್ತು. ಹೊಳೆಯಲಿಲ್ಲ.

ಫೆಬ್ರವರಿ 2, ಭಾನುವಾರ

ಮನೆಮಂದಿಯನ್ನೆಲ್ಲ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ನಾನು ಅರ್ಧ ಕಿಲೋ ಏರಿದ್ದೇನೆ. ನೀರಿನ ತೂಕ ಇರಬೇಕು. ಸುವರ್ಣಾ ಯಂತ್ರ ಹತ್ತಲು ಒಪ್ಪಲಿಲ್ಲ. ಅಂಕಿತಾ "ದಟ್ಸ್ ಸೋ ಟಾಕ್ಸಿಕ್, ಡ್ಯಾಡ್" ಎಂದು ಬಾಗಿಲು ಹಾಕಿಕೊಂಡಳು. ಹದಿನಾರು ವರ್ಷದವರಿಗೆ ಶಿಸ್ತು ವಿಷದಂತೆಯೇ ಕಾಣುತ್ತದೆ.

ಆದರೆ ಅವ್ವ! ಎರಡೂವರೆ ಕಿಲೋ ಇಳಿದಿದ್ದಾಳೆ. ಹ್ಯಾರೋದಲ್ಲಿ ನನ್ನ ಮಾತು ಕೇಳಿದ ಏಕೈಕ ವ್ಯಕ್ತಿ. ಬೆನ್ನು ತಟ್ಟಿ, "ಅವ್ವ, ನೀ ಕ್ಲಾಸಿಗೇ ಫಸ್ಟ್" ಎಂದೆ. ನಕ್ಕಳು.

ಸುವರ್ಣಾಗೆ ಹೇಳಿದರೆ ಹಿಗ್ಗಲಿಲ್ಲ. "ಅತ್ತಿಯವರು ತೂಕ ಇಳಿಸಾಕ ಲಂಡನ್ನಿಗೆ ಬಂದಾರೇನ್ರಿ? ಈ ಮನ್ಯಾಗ ಯಾರದರ ಕೊಬ್ಬು ಇಳೀಬೇಕಂದ್ರ ಅದು ಅವರದಲ್ಲ" ಎಂದಳು. ಯಾವ ಅರ್ಥದಲ್ಲಿ ಹೇಳಿದಳೆಂದು ಕೇಳಲು ಹೋಗಲಿಲ್ಲ.

ಫೆಬ್ರವರಿ 15, ಶನಿವಾರ

ಅಂಕಿತಾ ಬ್ರೆಡ್ಡಿಗೆ ಪೀನಟ್ ಬಟರ್ ಸವರುತ್ತಿದ್ದಳು. ಕೂಗಾಡಿದೆ. ಅವಳು ನನ್ನ ಕೈಲಿದ್ದ ಪೀಚ್ ಮೊಸರಿನ ಡಬ್ಬಿಯನ್ನು ಕಸಿದು ಹಿಂದೆ ಬರೆದದ್ದನ್ನು ಓದಿದಳು.

"ಡ್ಯಾಡ್, ಹ್ಯಾವ್ ಯು ಸೀನ್ ದ ಶುಗರ್ ಇನ್ ದಿಸ್?"

"ನಾವು ನೋಡೋದು ಫ್ಯಾಟ್ ಅಷ್ಟ" ಎಂದೆ.

"ವೈ?"

ಉತ್ತರ ಇತ್ತು. ಬಾಯಲ್ಲಿ ಪೀಚ್ ಇತ್ತು, ಅದಕ್ಕೇ ಹೇಳಲಿಲ್ಲ.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿ. ಅವ್ವ ಒಂದು ಬಾಳೆಹಣ್ಣಿನಲ್ಲಿ ದಿನ ಕಳೆದಳು. ಇವತ್ತಾದರೂ ಸರಿಯಾಗಿ ಉಣ್ಣಿರಿ ಎಂದು ಸುವರ್ಣಾ ಎರಡು ಸಲ ಬಡಿಸಲು ಬಂದಳು. ಅವ್ವ ಸಾಕವಾ ಎಂದು ಕೈ ಅಡ್ಡ ಹಿಡಿದಳು. ಹೊಟ್ಟೆ ಚಿಕ್ಕದಾಗಿದೆ, ಒಳ್ಳೆಯ ಲಕ್ಷಣ.

ಅವ್ವನಿಗೆ ಈ ಚಳಿ ಆಗಿಬರುತ್ತಿಲ್ಲ. ಹೀಟಿಂಗ್ ಹಾಕಿದ್ದರೂ ನನ್ನ ಹಳೆಯ ಸ್ವೆಟರ್ ಹಾಕಿಕೊಂಡು, ಮೇಲೆ ಶಾಲು ಹೊದ್ದು, ಮಧ್ಯಾಹ್ನವೆಲ್ಲ ಸೋಫಾದಲ್ಲಿ ನಿದ್ದೆ. ಬಂಗಾರದ ಬಳೆಗಳು ಜಾರಿಬೀಳದಂತೆ ದಾರ ಸುತ್ತಿಕೊಂಡಿದ್ದಾಳೆ. ಮೊದಲೆಲ್ಲ ಕಿಟಕಿಯಲ್ಲಿ ನಿಂತು, ಯಾರ ಮನೆಯ ಕಸದ ಡಬ್ಬಿ ಯಾವ ಬಣ್ಣದ್ದು, ಎದುರುಮನೆಯವರು ಯಾಕೆ ಜಗಳವಾಡಿದರು ಎಂದು ಸುದ್ದಿ ಹೇಳುತ್ತಿದ್ದವಳು, ಈಗ ಸುಮ್ಮನಾಗಿದ್ದಾಳೆ. ಲಂಡನ್ನಿನ ಚಳಿಗಾಲ ಯಾರನ್ನೂ ಬಿಡುವುದಿಲ್ಲ.

ಮಾರ್ಚ್ 12, ಬುಧವಾರ

ಆಸ್ಪತ್ರೆಯ ಕೆಫೆಯಲ್ಲಿ ಲೋ-ಫ್ಯಾಟ್ ಬ್ಲೂಬೆರಿ ಮಫಿನ್. ಎರಡು.

ಮೂರು.

ಮಾರ್ಚ್ 30, ಭಾನುವಾರ

ಯುಗಾದಿ, ಗಡಿಯಾರ ಒಂದು ಗಂಟೆ ಮುಂದೆ ಹೋಗುವ ದಿನ, ಇಲ್ಲಿನವರ ತಾಯಂದಿರ ದಿನ, ಮೂರೂ ಒಂದೇ ದಿನ ಬಂದವು. ಅವ್ವನಿಗೆ ಒಂದು ಕಟ್ಟು ಡ್ಯಾಫೊಡಿಲ್ ಹೂ ಕೊಟ್ಟೆ. ತಿರುಗಿಸಿ ನೋಡಿ, "ಇದರದು ಪಲ್ಯಾ ಮಾಡ್ತಾರೇನೋ?" ಎಂದಳು. ಎಲ್ಲರೂ ನಕ್ಕೆವು.

ಹೋಳಿಗೆ ಮಾಡಿದ್ದು ನನ್ನ ಮಾರ್ಗದರ್ಶನದಲ್ಲಿ: ಕಣಕಕ್ಕೆ ಎಣ್ಣೆ ಇಲ್ಲ, ಬೇಯಿಸಲು ಎಣ್ಣೆ ಇಲ್ಲ, ಮೇಲೆ ತುಪ್ಪ ಇಲ್ಲ. ಲಟ್ಟಿಸಿದರೆ ಹರಿಯಿತು, ಕಾಯಿಸಿದರೆ ಹಪ್ಪಳವಾಯಿತು. ಅದರ ಮೇಲೆ ಬಿಳಿ ನೀರು ಸುರಿದುಕೊಂಡು ತಿಂದೆವು. ಕೊಬ್ಬಿಲ್ಲದ್ದು ಎಂಬ ಧೈರ್ಯದಿಂದ ನಾನು ನಾಲ್ಕು ತಿಂದೆ. ಅವ್ವ ಅರ್ಧ ತಿಂದು ಉಳಿದದ್ದನ್ನು ಅಂಕಿತಾಳ ತಟ್ಟೆಗೆ ಸರಿಸಿದಳು.

"ಯಾಕವ್ವ?"

"ನೀ ತಿನ್ನು. ನೀ ಗಟ್ಟಿ ಆಗಬೇಕು" ಎಂದಳು. ಎಂಬತ್ತೇಳು ಕಿಲೋ ಇದ್ದೇನೆ. ಇನ್ನೆಷ್ಟು ಗಟ್ಟಿ ಆಗಲಿ?

ಏಪ್ರಿಲ್ 4, ಶುಕ್ರವಾರ

ರಕ್ತ ಪರೀಕ್ಷೆಯ ಫಲಿತಾಂಶ. ಕೊಲೆಸ್ಟ್ರಾಲ್ ಕೂದಲೆಳೆಯಷ್ಟು ಇಳಿದಿದೆ. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಇನ್ನೊಂದು ಕೊಬ್ಬು, ಏರಿದೆ. ಸಕ್ಕರೆ, ಜನವರಿಯಲ್ಲಿ ನೆಟ್ಟಗಿದ್ದದ್ದು, ಡಯಾಬಿಟಿಸ್ಸಿನ ಹೊಸ್ತಿಲಿಗೆ ಬಂದು ನಿಂತಿದೆ. ತೂಕ ಎರಡು ಕಿಲೋ ಜಾಸ್ತಿ.

ಲ್ಯಾಬಿನವರು ಸ್ಯಾಂಪಲ್ ಅದಲುಬದಲು ಮಾಡಿರಬಹುದೇ ಎಂದು ಕೇಳಿದೆ. ನರ್ಸ್ ನನ್ನ ಮುಖವನ್ನೇ ನೋಡಿದಳು. "ಫ್ಯಾಟ್ ಬಿಟ್ಟಿರಿ, ಸರಿ. ಅದರ ಜಾಗದಲ್ಲಿ ಏನು ತಿನ್ನುತ್ತಿದ್ದೀರಿ?" ಎಂದಳು. ಮೊಸರಿನ ಜಾತಿಗಳನ್ನು ಹೇಳಿದೆ. ಬಿಸ್ಕತ್ತು, ಬ್ರೆಡ್, ಜ್ಯೂಸ್. ಮಫಿನ್ ಹೇಳಲಿಲ್ಲ. ನಡೆಯುತ್ತಿದ್ದೀರಾ ಎಂದಳು. ಆ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ.

"ಡಾಕ್ಟರ್, ನಾನು ಕರಿದದ್ದು ಕಡಿಮೆ ಮಾಡಿ ಎಂದಿದ್ದೆ" ಎಂದಳು. "ಇದನ್ನಲ್ಲ."

ಮನೆಯಲ್ಲಿ ಇನ್ನೂ ಹೇಳಿಲ್ಲ. ಸುವರ್ಣಾ ನಗುವುದನ್ನು ಸೋಮವಾರದವರೆಗೆ ಮುಂದೂಡಬಹುದು.

ಏಪ್ರಿಲ್ 12, ಶನಿವಾರ

ಮಧ್ಯಾಹ್ನ ಅಂಕಿತಾ ಅಜ್ಜಿಯನ್ನು ಕರೆದುಕೊಂಡು ಹತ್ತಿರದ ಅಂಗಡಿಗೆ ಕೊತ್ತಂಬರಿ ತರಲು ಹೋಗಿದ್ದಳು. ಫೋನ್ ಬಂತು.

"ಡ್ಯಾಡ್, ಅಜ್ಜಿ ಈಸ್ ಆನ್ ದ ಫ್ಲೋರ್. ಶಿ ಜಸ್ಟ್ ವೆಂಟ್ ಡೌನ್." ಆಮೇಲೆ ನನ್ನ ಮಗಳು, ವರ್ಷಗಳ ಮೇಲೆ, ಕನ್ನಡದಲ್ಲಿ: "ಲಗೂನ ಬಾ ಅಪ್ಪಾ."

ನಾನು ಹೋದಾಗ ಅವ್ವ ಅಕ್ಕಿಚೀಲಗಳಿಗೆ ಒರಗಿ ಕೂತಿದ್ದಳು. ಅಂಗಡಿಯವರು ನೀರು ಕೊಟ್ಟಿದ್ದರು. ಬಗ್ಗಿ ಸೊಪ್ಪು ಆರಿಸುತ್ತಿದ್ದವಳು ಎದ್ದು ನಿಂತಿದ್ದೇ ತಡ ಕುಸಿದಳಂತೆ. ಎಲುಬು ಮುರಿದಿಲ್ಲ, ತಲೆಗೆ ಪೆಟ್ಟಿಲ್ಲ. ಕೈ ಹಿಡಿದು ಎಬ್ಬಿಸಿದೆ. ಸ್ವೆಟರಿನ ತೋಳಿನೊಳಗೆ ಕೈ ಎಲ್ಲಿದೆ ಎಂದು ಹುಡುಕಬೇಕಾಯಿತು.

ನಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದೆ. ವಯಸ್ಸಾದವರನ್ನು ನೋಡುವ ಡಾಕ್ಟರ್ ಅಮೂಲ್ಯಾ ಡ್ಯೂಟಿಯಲ್ಲಿದ್ದಳು. ಮೈಸೂರಿನ ಹುಡುಗಿ, ನನ್ನ ಕೈಕೆಳಗೆ ಆರು ತಿಂಗಳು ಕಲಿತವಳು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದಳು. ನಿಲ್ಲಿಸಿದಾಗ ಅದು ಕೆಳಗಿಳಿದ ವೇಗ ನೋಡಿ ನನಗೇ ತಲೆ ಸುತ್ತಿತು.

"ಸರ್, ಅಮ್ಮನ ತೂಕ ನಲವತ್ತನಾಲ್ಕು. ಮೊದಲು ಎಷ್ಟಿತ್ತು?"

"ಐವತ್ತು."

"ಯಾವಾಗ?"

"ಡಿಸೆಂಬರಿನಲ್ಲಿ."

"ಬಿ.ಪಿ. ಮಾತ್ರೆ ಐವತ್ತು ಕಿಲೋ ಇದ್ದಾಗಿನ ಡೋಸೇನಾ?"

ಹೌದೆಂದೆ. ದಿನವಿಡೀ ಮಾನಿಟರಿನ ಮುಂದೆ ಕೂತು ಬೇರೆಯವರ ಬಿ.ಪಿ. ಕಾಯುವ ಕೆಲಸ ನನ್ನದು.

"ಮನೇಲಿ ಏನ್ ಊಟ ಮಾಡ್ತಾರೆ ಸರ್?"

ಹೇಳಲು ಶುರುಮಾಡಿದೆ. ಕಾರ್ನ್‌ಫ್ಲೇಕ್ಸ್. ಕೆನೆ ತೆಗೆದ ಹಾಲು. ಸಪ್ಪೆ ಬೇಳೆ. ಎಣ್ಣೆ ಇಲ್ಲ, ತುಪ್ಪ ಇಲ್ಲ, ಶೇಂಗಾ ಇಲ್ಲ, ಕೊಬ್ಬರಿ ಇಲ್ಲ. ಇಲ್ಲಗಳು ಮುಗಿಯಲೇ ಇಲ್ಲ. ಅಮೂಲ್ಯಾ ಬರೆದುಕೊಳ್ಳುವುದನ್ನು ನಿಲ್ಲಿಸಿದ್ದಳು.

"ಇನ್ನೂ ಟೆಸ್ಟ್ ಮಾಡ್ತೀವಿ. ಆದರೆ ಕಾಯಿಲೆ ಅಂತ ಏನೂ ಕಾಣ್ತಿಲ್ಲ ಸರ್," ಎಂದಳು, ಮೆಲ್ಲಗೆ. "ಹಸಿವು ಅಷ್ಟೆ."

ಹಾಸಿಗೆಯಿಂದ ಅವ್ವ ಕೈಯೆತ್ತಿದಳು. "ನನ್ನ ಮಗಗ ಏನೂ ಅನಬ್ಯಾಡವಾ. ಅವಗ ಮೈಯಾಗ ಆರಾಮಿಲ್ಲ."

ಅಮೂಲ್ಯಾ ನನ್ನ ಕಡೆ ತಿರುಗಿದಳು. "ನಿಮಗೇನಾಗಿದೆ ಸರ್?"

ಏನೂ ಆಗಿಲ್ಲವೆಂದು ಹೇಳಲು ಇಷ್ಟು ಕಷ್ಟವಾದದ್ದು ಇದೇ ಮೊದಲು.

ಏಪ್ರಿಲ್ 13, ಭಾನುವಾರ

ಅವ್ವ ಇನ್ನೂ ವಾರ್ಡಿನಲ್ಲಿದ್ದಾಳೆ. ಬೆಳಿಗ್ಗೆ ಸುವರ್ಣಾ ಉಪ್ಪಿಟ್ಟು ಮಾಡಿಕೊಟ್ಟಳು, ಕಣ್ಣಿಗೆ ಕಾಣುವಷ್ಟು ತುಪ್ಪ ಹಾಕಿ. ತುಪ್ಪದ ಡಬ್ಬಿ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳಿಗೆ ಹೇಸ್‌ನ ಆಫೀಸಿತ್ತು, ಅಂಕಿತಾಗೆ ಶಾಲೆಯ ಕ್ಯಾಂಟೀನಿತ್ತು, ನನಗೆ ಮಫಿನ್ ಇತ್ತು. ಅವ್ವನಿಗೆ ನಾನೊಬ್ಬನೇ ಇದ್ದೆ.

ವಾರ್ಡಿನಲ್ಲಿ ಉಪ್ಪಿಟ್ಟಿನ ಡಬ್ಬಿ ತೆರೆದು ಮುಂದೆ ಇಟ್ಟೆ. ಅವ್ವ ವಾಸನೆ ನೋಡಿ ದೂರ ಸರಿಸಿದಳು.

"ಇದರಾಗ ತುಪ್ಪ ಐತಿ."

"ಐತಿ. ತಿನ್ನು."

"ನೀ ತಿನ್ನಂಗಿಲ್ಲಲ್ಲ."

"ನನ್ನ ಮಾತು ಬಿಡವ್ವ. ನಿನಗ ಯಾರು ಹೇಳಿದ್ರು ಬಿಡು ಅಂತ? ಅಂದ್ರ, ನಾನ ಹೇಳಿದೆ. ಆದ್ರ ನೀ ಯಾವತ್ತರ ನನ್ನ ಮಾತು ಕೇಳೀಯೇನು? ಇದೊಂದು ಯಾಕ ಕೇಳಿದಿ?"

ಅವ್ವ ದಿಂಬು ಸರಿಸಿ ನೆಟ್ಟಗೆ ಕೂತಳು. ಆಮೇಲೆ ಹೇಳಿದಳು.

"ನೀ ನಾಕನೇತ್ತಾ ಇದ್ದಾಗ ಕಾಮಣಿ ಆಗಿತ್ತು, ನೆನಪೈತೇನು? ಕಣ್ಣೆಲ್ಲಾ ಹಳದಿ. ಎಣ್ಣಿ ಇಲ್ಲ, ಒಗ್ಗರಣಿ ಇಲ್ಲ, ಬರೇ ಗಂಜಿ ಕೊಡ್ರಿ ಅಂದಿದ್ರು. ನೀ ಅಳಾಂವ. ನೀ ಏನ್ ಉಣ್ಣಾಕತ್ತಿ ತೋರ್ಸು ಅಂತ ನನ್ನ ತಾಟಿನ್ಯಾಗ ಇಣಕಾಂವ. ಅದಕ ನಾನೂ ಅದನ್ನ ಉಂಡೆ. ನಿನಗ ಆರಾಮ ಆಗೂ ತನಕ. ಸಣ್ಣ ಹುಡುಗ ಒಬ್ಬನ ಕುಂತು ಹೆಂಗ ಪಥ್ಯಾ ಮಾಡತಾನ?"

"ಅವ್ವ, ಈಗ ನನಗ ಏನೂ ಆಗಿಲ್ಲ."

"ಡಾಕ್ಟರ್ ಆದಾಂವ ತನ್ನ ಜಡ್ಡು ಅವ್ವನ ಮುಂದ ಹೇಳತಾನೇನು? ನಿಮ್ಮಪ್ಪನೂ ಹೇಳಿರಲಿಲ್ಲ. ನೀ ಅವತ್ತು ಆ ಚಿತ್ರಾ ತಗದಿ, ಮುಖದ ಮ್ಯಾಲ ಬಣ್ಣ ಇರಲಿಲ್ಲ. ನಾ ಕೇಳಲಿಲ್ಲ. ಜೋಡಿ ಇದ್ದರ ಸಾಕು ಅನಕೊಂಡೆ."

ಗಂಜಿ ನನಗೆ ನೆನಪಿದೆ. ಉಪ್ಪಿಲ್ಲದ್ದು, ತಿಳಿಯಾದದ್ದು, ಅದರಲ್ಲಿ ಬಿದ್ದ ನನ್ನ ಕಣ್ಣೀರಿನಿಂದಷ್ಟೇ ರುಚಿ ಬಂದದ್ದು. ಅವ್ವನ ತಟ್ಟೆಯಲ್ಲಿ ಏನಿತ್ತು ಎಂಬುದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಅಲ್ಲೇ ಎಲ್ಲ ಹೇಳಿದೆ. ನನಗಿರುವುದು ಜಡ್ಡಲ್ಲ, ಒಂದು ಹಾಳೆಯ ಮೇಲೆ ಸ್ವಲ್ಪ ಮೇಲೆ ಹೋದ ಅಂಕಿ ಎಂದೆ. ನರ್ಸ್ ನಡೆಯಲು ಹೇಳಿದ್ದಳು, ನಾನು ಮನೆಯನ್ನೇ ಉಪವಾಸ ಕೆಡವಿದೆ ಎಂದೆ. ಈಗ ಸಕ್ಕರೆಯೂ ಏರಿದೆ ಎಂದೆ. ಮಫಿನ್ನಿನ ವಿಷಯವನ್ನೂ ಹೇಳಿದೆ.

"ಎಷ್ಟು ತಿಂತಿದ್ದಿ?"

"ದಿನಾ ಎರಡು. ಒಮ್ಮೊಮ್ಮೆ ಮೂರು."

"ಹಡಬಿಟ್ಟಿ," ಎಂದಳು ಅವ್ವ, ಮೂರು ತಿಂಗಳಲ್ಲಿ ಮೊದಲ ಬೈಗುಳ. ಮತ್ತೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ಅರ್ಧ ಮುಗಿಸಿದಳು. ಒಂದು ತುತ್ತು ನನ್ನ ಬಾಯಿಗಿಟ್ಟಳು. ಪಕ್ಕದ ಹಾಸಿಗೆಯ ಮುದುಕಿ ನೋಡುತ್ತಿದ್ದಳು. ನೋಡಲಿ.

ಏಪ್ರಿಲ್ 26, ಶನಿವಾರ

ಅಮೂಲ್ಯಾ ಬಿ.ಪಿ. ಮಾತ್ರೆಯನ್ನು ಅರ್ಧಕ್ಕಿಳಿಸಿದ್ದಾಳೆ. ಉಳಿದ ಟೆಸ್ಟ್‌ಗಳಲ್ಲಿ ಏನೂ ಸಿಗಲಿಲ್ಲ. ಅವ್ವನಿಗೆ ಅವಳು ಹೇಳಿದ್ದು: ಕೆನೆಹಾಲು, ಬೇಳೆ, ಶೇಂಗಾ, ಮೊಸರು, ತುಪ್ಪ, ಹೊತ್ತು ಹೊತ್ತಿಗೆ. ನನಗೆ ನರ್ಸ್ ಹೇಳಿದ್ದು: ಬಿಸ್ಕತ್ತು, ಜ್ಯೂಸ್, ಸಿಹಿ ಮೊಸರು ಬಿಡಿ, ತರಕಾರಿ ಬೇಳೆ ಹೆಚ್ಚಿಸಿ, ಸ್ವಲ್ಪ ಕಾಳು ಬೀಜ ತಿನ್ನಿ, ಎಣ್ಣೆ ಇರಲಿ ಆದರೆ ಸುರಿಯಬೇಡಿ, ನಡೆಯಿರಿ. ಎರಡನ್ನೂ ಸೇರಿಸಿದರೆ ಧಾರವಾಡದಲ್ಲಿ ನಾವು ಚಿಕ್ಕಂದಿನಲ್ಲಿ ಉಂಡ ಊಟವೇ ಆಗುತ್ತದೆ. ಇದನ್ನು ಕಂಡುಹಿಡಿಯಲು ನನಗೆ ಎರಡು ಡಿಗ್ರಿ, ಒಬ್ಬ ಮುದುಕಿ ಬೇಕಾಯಿತು.

ಅವ್ವನ ಜೊತೆ ಪಾರ್ಕಿನಲ್ಲಿ ನಡೆದೆ. ಮೊದಲ ಸುತ್ತಿಗೇ ಬೆಂಚು ಬೇಕಾಯಿತು, ನನಗೆ. ಅವ್ವ ಕೂತು ಎಲ್ಲವನ್ನೂ ವಿಚಾರಿಸಿದಳು: ಆ ನಾಯಿಗೆ ಯಾಕೆ ಅಂಗಿ ಹಾಕಿದ್ದಾರೆ, ಆ ಮುದುಕ ಯಾಕೆ ಒಬ್ಬನೇ ಬರುತ್ತಾನೆ, ಅವನ ಮಕ್ಕಳು ಎಲ್ಲಿದ್ದಾರೆ. ನನಗೆ ಗೊತ್ತಿರಲಿಲ್ಲ. ಅವ್ವ ಎದ್ದು ಹೋಗಿ ಕೈಸನ್ನೆಯಲ್ಲೇ ಅವನನ್ನು ಮಾತಾಡಿಸಿ ಬಂದಳು. ಅವನಿಗೆ ಮಕ್ಕಳು ಮೂವರಂತೆ. ಅದನ್ನು ಯಾವ ಭಾಷೆಯಲ್ಲಿ ತಿಳಿದುಕೊಂಡಳೋ ಶಿವನೇ ಬಲ್ಲ.

ಮೇ 11, ಭಾನುವಾರ

ಬಿಸಿಲು. ಸುವರ್ಣಾ ಎಣ್ಣೆಗಾಯಿ ಮಾಡಿದ್ದಳು, ಅವ್ವ ರೊಟ್ಟಿ ಬಡಿದಳು. ಅಂಗೈಯ ಸದ್ದು ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಅಂಕಿತಾ ಪಕ್ಕದಲ್ಲಿ ನಿಂತು ತಾನೂ ಒಂದು ಬಡಿದಳು. ಅದು ಆಸ್ಟ್ರೇಲಿಯಾದ ನಕ್ಷೆಯಂತಿತ್ತು. "ದಿಸ್ ಒನ್ಸ್ ಫಾರ್ ಡ್ಯಾಡ್" ಎಂದಳು. ಅವ್ವ ನನ್ನ ರೊಟ್ಟಿಯ ಮೇಲೆ ಒಂದು ಚಮಚ ಬೆಣ್ಣೆ ಇಟ್ಟು, ನಾನು ಇನ್ನೊಂದಕ್ಕೆ ಕೈಚಾಚಿದಾಗ ಕೈಯ ಮೇಲೆ ಹೊಡೆದಳು.

ಊಟ ಶುರುವಾಗುತ್ತಿದ್ದಂತೆ ನಾನು ಒಂದು ವಿಷಯ ಪ್ರಸ್ತಾಪಿಸಿದೆ. ಆಸ್ಪತ್ರೆಯ ಕಾಫಿ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ಹೇಳುತ್ತಿದ್ದ: ಕೊಬ್ಬಲ್ಲ, ನಿಜವಾದ ಶತ್ರು ಧಾನ್ಯವಂತೆ. ಅಕ್ಕಿ, ಗೋಧಿ, ಜೋಳ ಎಲ್ಲವನ್ನೂ ಪೂರ್ತಿ ಬಿಟ್ಟರೆ ಮೂರೇ ತಿಂಗಳಲ್ಲಿ ಸಕ್ಕರೆ ಇಳಿಯುತ್ತದಂತೆ. ಕಾಗದ, ಪೆನ್ನು ಹತ್ತಿರದಲ್ಲೇ ಇದ್ದವು. ಚಿತ್ರ ಬರೆದು ತೋರಿಸಲೇ ಎಂದೆ.

ಸುವರ್ಣಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಅಂಕಿತಾ ಫೋನ್ ಕೆಳಗಿಟ್ಟಳು.

ಅವ್ವ ಬದನೆಕಾಯಿಯ ಎಣ್ಣೆಯಲ್ಲಿ ರೊಟ್ಟಿ ಅದ್ದಿದಳು.

"ಉಣ್ಣೂದಿದ್ದರ ಉಣ್ಣು, ಇಲ್ಲಂದ್ರ ಏಳು," ಎಂದಳು. "ಈ ಸಲ ನಾ ನಿನ್ನ ಜೋಡಿ ಬರಂಗಿಲ್ಲ."

ಉಂಡೆ.